ಹನ್ನೊಂದನೇ ನಿಮಿಷದ ಅಳು

ಮನ್ಸೂರಾ ಊರಿನಲ್ಲಿ ಜುಲೈ ತಿಂಗಳಲ್ಲಿ ಹುಟ್ಟಬೇಕಾದ ಮಕ್ಕಳೆಲ್ಲ ಜೂನ್‌ನಲ್ಲೇ ಹುಟ್ಟಿಬಿಡುತ್ತಿದ್ದವು. ಜುಲೈ ಪೂರ್ತಿ ಡಾಕ್ಟರ್ ಹೈಸಮ್ ಅಬೂ ಶಾದಿ ಉತ್ತರದ ಸಮುದ್ರ ತೀರದಲ್ಲಿರುವ ತಮ್ಮ ಬಂಗಲೆಯಲ್ಲಿ ಕಾಲು ಚಾಚಿಕೊಂಡು ಕೂತಿರುತ್ತಿದ್ದರು. ಅವರಿಗಾಗಿ ಕಾಯುವುದು ಹೊಟ್ಟೆಯೊಳಗಿನ ಕೂಸುಗಳಿಗೆ ಶೋಭಿಸುವ ಮಾತಲ್ಲ, ಹಾಗಾಗಿ ಅವರೇ ಹೋಗಿ ಹೊರಗೆ ಎಳೆದು ತರುತ್ತಿದ್ದರು. ಕೊಯ್ಯಲು ಒಂದು ಕಾರಣ ಬೇಕಲ್ಲ, ಅದಕ್ಕೆ ಅವರ ಬಳಿ ಮೂರು ಕಾರಣಗಳಿದ್ದವು. ನೀರು ಕಡಿಮೆಯಾಗಿದೆ, ಸೊಂಟ ಕಿರಿದು, ಕೂಸಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿದೆ. ಈ ಮೂರನ್ನೂ ಸರದಿಯ ಮೇಲೆ ಹಂಚುತ್ತಿದ್ದರು. ಈ ಸಲ ನೆಸ್ಮಾಳ ಪಾಲಿಗೆ ಬಂದದ್ದು ಬಳ್ಳಿ.

ನೆಸ್ಮಾ ಹುಡುಗಿಯರ ಶಾಲೆಯಲ್ಲಿ ಗಣಿತದ ಮೇಡಂ. ಎದುರಿಗಿರುವವರು ಬಾಯಿ ತೆರೆದ ಕೂಡಲೇ ತಪ್ಪು ಲೆಕ್ಕ ಎಲ್ಲಿದೆ ಎಂದು ಹುಡುಕುವ ಚಾಳಿ ಅವಳಿಗೆ ಹನ್ನೆರಡು ವರ್ಷದ ಪಾಠದಿಂದ ಅಂಟಿಕೊಂಡಿತ್ತು. ಗಂಡ ವಾಇಲ್ ನೀರು ಸರಬರಾಜು ಕಚೇರಿಯ ಗುಮಾಸ್ತ. ಯಾರ ಹೆಸರಿನ ಹಿಂದೆ ಡಾಕ್ಟರ್ ಎಂದಿದ್ದರೂ ಅವನ ಬೆನ್ನು ತಾನೇ ತಾನಾಗಿ ಬಾಗುತ್ತಿತ್ತು. ಮೂರು ಕಾರಣಗಳ ಗುಟ್ಟನ್ನು ನೆಸ್ಮಾ ಅಕ್ಕಪಕ್ಕದ ಹೆಂಗಸರನ್ನು ಕೇಳಿ ಕೇಳಿಯೇ ಕಂಡುಹಿಡಿದಿದ್ದಳು. ಆದರೂ ಬೇರೆ ಡಾಕ್ಟರ ಬಳಿ ಹೋಗಲಿಲ್ಲ. ಒಮ್ಮೆ ಕೊಯ್ದ ಹೊಟ್ಟೆಯನ್ನು ಮತ್ತೆ ಕೊಯ್ಯದೆ ಹೆರಿಗೆ ಮಾಡಿಸುವ ಗಂಡಸು ಆ ಊರಿನಲ್ಲಿ ಇರಲಿಲ್ಲ.

ಮೊದಲ ಸಲ ಕೊಯ್ದದ್ದು ನಾಲ್ಕು ವರ್ಷಗಳ ಹಿಂದೆ. ಆಗ ಪೂರ್ತಿ ಎಚ್ಚರ ತಪ್ಪಿಸಿದ್ದರು. ಎಚ್ಚರವಾದಾಗ ಸಂಜೆಯಾಗಿತ್ತು, ಮಗು ಇನ್ನೊಂದು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು. ನಾಳೆ ಹೋಗಿ ನೋಡುವಿಯಂತೆ ಎಂದರು. ನಾಳೆ ಬರುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಇಯಾದ್ ಎಂದು ಹೆಸರಿಟ್ಟಿದ್ದ ಗಂಡುಮಗು. ಹುಟ್ಟಿದಾಗ ಒಮ್ಮೆ ಅತ್ತಿತ್ತು ಎಂದು ಯಾರೋ ಹೇಳಿದರು. ಹೇಗೆ ಅತ್ತಿತು ಎಂದು ನೆಸ್ಮಾ ಎಲ್ಲರನ್ನೂ ಕೇಳಿದಳು. ವಾಇಲ್ ಆ ಹೊತ್ತಿಗೆ ಔಷಧಿ ಅಂಗಡಿಯಲ್ಲಿದ್ದ. ಅತ್ತೆ ಹಾಜಾ ಸನೀಯಾ ಬಾಗಿಲ ಹೊರಗೇ ಕೂತಿದ್ದವಳು, ಮಕ್ಕಳು ಅಳುವ ಹಾಗೆ ಅತ್ತಿತು ಕಣೇ, ಇನ್ನು ಹೇಗೆ ಅಳುತ್ತೆ ಎಂದು ಮೂಗು ಮುರಿದಳು. ತನ್ನ ಮಗನ ಬಗ್ಗೆ ತಿಳಿದುಕೊಳ್ಳಲು ಇದ್ದದ್ದೇ ಅದೊಂದು ವಿಷಯ, ಅದೂ ತನಗೆ ಸಿಗಲಿಲ್ಲ ಎಂಬುದಕ್ಕೆ ನೆಸ್ಮಾ ಯಾರನ್ನೂ ಕ್ಷಮಿಸಲಿಲ್ಲ, ತನ್ನನ್ನೂ.

ಈ ಸಲ ಅವಳಿಗೆ ಬೇಕಾಗಿದ್ದದ್ದು ಅದೊಂದೇ. ಎಚ್ಚರವಾಗಿರಬೇಕು, ಮಗುವಿನ ಮೊದಲ ಅಳು ತನ್ನ ಕಿವಿಗೆ ಬೀಳಬೇಕು. ಬೆನ್ನಿಗಷ್ಟೇ ಸೂಜಿ ಚುಚ್ಚಿ ಎಂದು ಡಾಕ್ಟರಿಗೆ ಹೇಳಿದಳು. ಅವರು ಒಪ್ಪಿದರು, ಒಪ್ಪಿ ಮೇಜಿನ ಕೆಳಗಿನಿಂದ ಒಂದು ಬಿಳಿಯ ಡಬ್ಬಿ ತೆಗೆದರು. ಅದರೊಳಗೆ ಕಣ್ಣಿಗೆ ಕಟ್ಟುವ, ಒಳಗೆ ಚಿತ್ರ ಓಡುವ ದಪ್ಪನೆಯ ಕನ್ನಡಕ, ಎರಡೂ ಕಡೆ ಕಿವಿ ಮುಚ್ಚುವ ಬಟ್ಟಲು. ಇದನ್ನು ಹಾಕಿಕೊಂಡರೆ ಆಪರೇಷನ್ ಕೋಣೆಯೇ ಮಾಯ, ತಾಯಿ ಸೀದಾ ಸಮುದ್ರ ತೀರದಲ್ಲಿರುತ್ತಾಳೆ, ಈ ಡೆಲ್ಟಾ ಸೀಮೆಯಲ್ಲೇ ಇದು ಮೊದಲು, ನಿಮಗೆ ಉಚಿತ ಎಂದು ವಿವರಿಸಿದರು. ವಾಇಲ್ ಹಲ್ಲು ಕಿಸಿದು, ದೇವರು ನಿಮ್ಮ ಕೈ ತಂಪಾಗಿಡಲಿ ಎಂದ.

"ಕಿವಿ ಯಾಕೆ ಮುಚ್ತೀರಿ? ಮಗು ಅತ್ತಾಗ ನನಗೆ ಕೇಳ್ಬೇಕು," ಎಂದಳು ನೆಸ್ಮಾ.

"ಕೇಳುತ್ತೆ ಮದಾಮ್, ಅದಕ್ಕೆ ನಾನು ಗ್ಯಾರಂಟಿ. ಇದನ್ನ ಹಾಕ್ಕೊಂಡ ಒಬ್ಬ ತಾಯಿಗೂ ಇವತ್ತಿನವರೆಗೆ ಆ ಅಳು ತಪ್ಪಿಲ್ಲ."

ಅಷ್ಟು ಖಡಾಖಂಡಿತವಾಗಿ ಹೇಳಿದ ಮೇಲೆ ಇನ್ನೇನು ಕೇಳುವುದು. ನೂರಕ್ಕೆ ನೂರು ಎಂದು ಯಾರಾದರೂ ಹೇಳಿದರೆ ಉತ್ತರ ಪತ್ರಿಕೆಯನ್ನು ಮತ್ತೊಮ್ಮೆ ನೋಡಬೇಕು ಎಂಬುದು ನೆಸ್ಮಾಳಿಗೆ ಗೊತ್ತಿದ್ದ ಪಾಠವೇ. ಆದರೆ ಮೂವತ್ತೆಂಟು ವಾರದ ಹೊಟ್ಟೆ ಹೊತ್ತವಳಿಗೆ ಎಲ್ಲವನ್ನೂ ಎರಡೆರಡು ಸಲ ನೋಡಲು ಆಗುವುದಿಲ್ಲ. ಸರಿ ಎಂದುಬಿಟ್ಟಳು.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಅವಳ ಸರದಿ. ಅವಳ ಹಿಂದೆ ಇನ್ನೂ ನಾಲ್ಕು ಹೊಟ್ಟೆಗಳು ಸಾಲಾಗಿ ಕಾಯುತ್ತಿದ್ದವು. ಜೂನ್ ಮುಗಿಯಲು ಎಂಟು ದಿನ ಉಳಿದಿತ್ತು, ಡಾಕ್ಟರು ಅವಸರದಲ್ಲಿದ್ದರು. ಒಳಗೆ ಅವಳನ್ನು ಕೂರಿಸಿ ಬೆನ್ನು ಬಾಗಿಸಿ ಹಿಡಿದುಕೊಂಡವಳು ಕರಿಮಾನ್ ಎಂಬ ಐವತ್ತು ದಾಟಿದ ನರ್ಸ್. ಇಪ್ಪತ್ತೆರಡು ವರ್ಷ ಅವಳ ಕೆಲಸ ಒಂದೇ ಆಗಿತ್ತು. ತಾಯಿಯ ತಲೆಯ ಬಳಿ ನಿಂತು ಕೈ ಹಿಡಿದುಕೊಳ್ಳುವುದು, ಈಗ ತಣ್ಣಗಾಗುತ್ತೆ, ಈಗ ಜಗ್ಗಿದ ಹಾಗಾಗುತ್ತೆ, ಈಗ ತಲೆ ಕಾಣಿಸಿತು ಎಂದು ಕಿವಿಯಲ್ಲಿ ಹೇಳುತ್ತಾ ಹೋಗುವುದು. ಡಬ್ಬಿ ಬಂದ ಮೇಲೆ ಅವಳ ಬಾಯಿ ಮುಚ್ಚಿಸಿದ್ದರು. ನರ್ಸ್ ಮಾತಾಡಿದರೆ ತಾಯಿಯ ಅನುಭವ ಕೆಡುತ್ತದೆ ಎಂದು ಡಾಕ್ಟರ ಅಪ್ಪಣೆ. ಈಗ ಅವಳ ಕೆಲಸ ಕನ್ನಡಕ ಕಟ್ಟುವುದು, ಗುಂಡಿ ಒತ್ತುವುದು, ಆಮೇಲೆ ಸ್ಪಿರಿಟ್ ಹಾಕಿ ಒರೆಸಿಡುವುದು.

ಸೂಜಿ ಹಾಕುವವನು ಕೈ ತೊಳೆಯಲು ಹೋದಾಗ ಕರಿಮಾನ್ ಪಿಸುಗುಟ್ಟಿದಳು. ಅವಳ ತಂಗಿಯ ಮಗಳು ಯೂನಿವರ್ಸಿಟಿ ಆಸ್ಪತ್ರೆಯಲ್ಲಿ ನರ್ಸ್ ಅಂತೆ, ಅಲ್ಲೂ ಇಂಥದ್ದೇ ಕನ್ನಡಕ ಇದೆಯಂತೆ. ಅಲ್ಲಿ ಬೇಕಾ ಬೇಡವಾ ಎಂದು ಮೊದಲು ತಾಯಿಯನ್ನು ಕೇಳುತ್ತಾರೆ, ಸೂಜಿ ಹಾಕುವಾಗ, ಹೊಲಿಗೆ ಹಾಕುವಾಗ ಕಟ್ಟುತ್ತಾರೆ, ಮಗು ಬರುವ ಹೊತ್ತಿಗೆ ಬಿಚ್ಚುತ್ತಾರೆ. ಹೆದರುವವರಿಗೆ ಅದರಿಂದ ಉಪಕಾರವೇ ಆಗಿದೆ. "ಇಲ್ಲಿ ಮಗು ಬರೋವಾಗ್ಲೇ ಹಾಕಿರ್ಬೇಕು. ಇಲ್ದಿದ್ರೆ ಫೇಸ್‌ಬುಕ್ಕಿಗೆ ವಿಡಿಯೊ ಚೆನ್ನಾಗಿ ಬರಲ್ಲ," ಎಂದಳು. ಇನ್ನೂ ಏನೋ ಹೇಳಲು ಹೊರಟು ಬಾಗಿಲ ಕಡೆ ನೋಡಿ ನುಂಗಿಕೊಂಡಳು. ಕೊನೆಗೆ ಇಷ್ಟೇ ಹೇಳಿದಳು, "ನನ್ನ ಕೈ ಬಿಡಬೇಡ. ಏನಾದ್ರೂ ಬೇಕಾದ್ರೆ ಎರಡು ಸಲ ಅದುಮು."

ಸೂಜಿ ಬಿದ್ದ ಮೇಲೆ ಸೊಂಟದ ಕೆಳಗೆ ಕಾಲುಗಳು ಯಾರದ್ದೋ ಆದವು. ಕನ್ನಡಕ ಕಟ್ಟಿದ ಕೂಡಲೇ ಕೋಣೆ ಆರಿಹೋಗಿ ಸಮುದ್ರ ಹೊತ್ತಿಕೊಂಡಿತು. ನೀಲಿ ನೀರು, ಬಿಳಿ ಮರಳು, ಕಿವಿಯಲ್ಲಿ ಅಲೆ. ತಲೆ ಎಡಕ್ಕೆ ಹೊರಳಿಸಿದರೆ ಎಡಗಡೆಯ ಸಮುದ್ರ, ಬಲಕ್ಕೆ ಹೊರಳಿಸಿದರೆ ಒಂದು ಉಪ್ಪರಿಗೆಯ ಕಂಬಿ, ಕಂಬಿಯ ಮೇಲೆ ಒಣಗಲು ಹಾಕಿದ ಹಸಿರು ಟವೆಲ್. ಇದು ಡಾಕ್ಟರ ಬಂಗಲೆಯೇ ಎಂದು ನೆಸ್ಮಾಳಿಗೆ ತಕ್ಷಣ ಹೊಳೆಯಿತು. ಜುಲೈಯಲ್ಲಿ ಹೋಗಿ ಕೂರುವ ಜಾಗಕ್ಕೆ ಜೂನ್‌ನಲ್ಲೇ ಎಲ್ಲರನ್ನೂ ಕರೆದುಕೊಂಡು ಹೋಗುತ್ತಿದ್ದಾನೆ ಪುಣ್ಯಾತ್ಮ, ಟವೆಲ್ ತೆಗೆದಿಡುವಷ್ಟು ಮರ್ಯಾದೆಯೂ ಇಲ್ಲ. ಅಷ್ಟರಲ್ಲಿ ಒಬ್ಬ ಹೆಂಗಸು, ಟಿವಿಯಲ್ಲಿ ಮಂತ್ರಿಗಳ ಸಾವಿನ ಸುದ್ದಿ ಓದುವ ಭಾಷೆಯಲ್ಲಿ, "ಎಲೈ ಮಾತೆಯೇ, ನೀನು ಅರಳುತ್ತಿರುವ ಕುಸುಮವಾಗಿರುವೆ. ದೀರ್ಘವಾಗಿ ಉಸಿರನ್ನು ಒಳಗೆಳೆದುಕೊಳ್ಳುವಂಥವಳಾಗು," ಎಂದಳು. ನೆಸ್ಮಾಳಿಗೆ ನಗು ಬಂತು. ಆದರೂ ಆ ನೀರು ನೋಡುತ್ತಿದ್ದಂತೆ ಎದೆಯ ಬಡಿತ ನಿಧಾನವಾದದ್ದು ನಿಜ. ಅದು ಹಿತವಾಗಿದೆ ಎಂದು ಒಪ್ಪಿಕೊಳ್ಳುವುದಕ್ಕೆ ಅವಳಿಗೆ ಸಿಟ್ಟು ಬಂತು.

ಎಷ್ಟು ಹೊತ್ತು ಕಳೆಯಿತೋ. ಒಂದು ಬಿಳಿ ಹಕ್ಕಿ ನೀರಿನ ಮೇಲೆ ಹಾರಿ ಬಂತು, ಅಲೆಯ ಸದ್ದು ತಗ್ಗಿತು, ಮಗು ಅತ್ತಿತು.

ಸ್ವಚ್ಛವಾದ, ದುಂಡನೆಯ, ತುಂಬು ಗಂಟಲಿನ ಅಳು. ನೆಸ್ಮಾಳ ಮೈಯೆಲ್ಲ ಜುಮ್ಮೆಂದಿತು. ನಾಲ್ಕು ವರ್ಷ ಎದೆಯಲ್ಲಿ ಕಟ್ಟಿಕೊಂಡಿದ್ದದ್ದು ಒಡೆದು, ಕನ್ನಡಕದ ಕೆಳಗಿನಿಂದ ಕೆನ್ನೆಗೆ, ಕೆನ್ನೆಯಿಂದ ಕಿವಿಗೆ ನೀರು ಇಳಿಯಿತು. ಅಲ್‌ಹಮ್ದುಲಿಲ್ಲಾಹ್, ಅಲ್‌ಹಮ್ದುಲಿಲ್ಲಾಹ್ ಎಂದು ಗಟ್ಟಿಯಾಗಿ ಅಂದಳು. ಕೇಳಿಸಿಕೊಂಡೆ ಮಗು, ಈ ಸಲ ಕೇಳಿಸಿಕೊಂಡೆ ಎಂದು ಒಳಗೊಳಗೇ ಹೇಳಿದಳು. ಇಯಾದ್ ಕೂಡ ಹೀಗೇ ಅತ್ತಿರಬಹುದು ಎಂದುಕೊಂಡಳು.

ಆಗ ಯಾರೋ ಅವಳ ಎದೆಯ ಕೆಳಗೆ, ಹೊಟ್ಟೆಯ ಮೇಲ್ಭಾಗಕ್ಕೆ ಮೊಣಕೈ ಇಟ್ಟು ಮೈಭಾರವನ್ನೆಲ್ಲ ಹಾಕಿ ಒತ್ತಿದರು. ನೋವಿಲ್ಲ, ಆದರೆ ಭಾರ ತಿಳಿಯುತ್ತದೆ, ಉಸಿರು ಕಟ್ಟುವಷ್ಟು ತಿಳಿಯುತ್ತದೆ. ಮತ್ತೆ ಒತ್ತಿದರು. ಹೊಟ್ಟೆಯೊಳಗೆ ಗಟ್ಟಿಯಾದದ್ದೊಂದು ಪಕ್ಕೆಯ ಕೆಳಗಿನಿಂದ ಕದಲಿತು. ನೆಸ್ಮಾಳ ಅಳು ನಿಂತುಹೋಯಿತು. ಹೊರಗೆ ಬಂದು ಅತ್ತಾಗಿರುವ ಮಗುವನ್ನು ಇನ್ನೂ ಯಾಕೆ ಒತ್ತಿ ಹೊರಗೆ ಕಳಿಸುತ್ತಿದ್ದಾರೆ? ಒಳಗೆ ಕದಲುತ್ತಿರುವುದು ತನ್ನದಾದರೆ ಅತ್ತದ್ದು ಯಾರು? ಈ ಲೆಕ್ಕ ಬಿಡಿಸಲು ಗಣಿತದ ಮೇಡಂ ಆಗಬೇಕಾಗಿಯೂ ಇರಲಿಲ್ಲ. ಕಿವಿಯಲ್ಲಿ ಆ ಮಗು ಇನ್ನೂ ಅಳುತ್ತಲೇ ಇತ್ತು, ಸುದ್ದಿ ಓದುವ ಹೆಂಗಸು ಅಭಿನಂದನೆ ಹೇಳುತ್ತಿದ್ದಳು. ನೆಸ್ಮಾ ಕರಿಮಾನಳ ಕೈಯನ್ನು ಎರಡು ಸಲ ಅದುಮಿದಳು, ಮೂರನೆಯ ಸಲ ಉಗುರು ನೆಟ್ಟಳು.

ಕನ್ನಡಕ ಕಳಚಿತು. ಎದುರಿಗೆ ಹಸಿರು ಪರದೆ, ಮೇಲೆ ದೊಡ್ಡ ದೀಪ, ಮೂಲೆಯಲ್ಲಿ ಟೋಪಿ ಹಾಕಿಕೊಂಡ ವಾಇಲ್ ಮೊಬೈಲ್ ಹಿಡಿದು ಅವಳ ಮುಖವನ್ನೇ ಚಿತ್ರ ಹಿಡಿಯುತ್ತಿದ್ದ. ಪರದೆಯ ಆಚೆಯಿಂದ ಡಾಕ್ಟರ ದನಿ ಬಂತು, ಬಂಗಲೆಯ ಗೋಡೆಗೆ ತೇವ ಇಳಿದಿರುವ ವಿಷಯ ಹೇಳುತ್ತಿದ್ದರು.

"ಸಿಸ್ಟರ್, ಅದನ್ನ ಯಾಕೆ ತೆಗೆದೆ? ನಂದಿನ್ನೂ ಮುಗಿದಿಲ್ಲ," ಎಂದರು.

"ಬ್ಯಾಟರಿ ಹೋಯ್ತು ಡಾಕ್ಟ್ರೇ," ಎಂದಳು ಕರಿಮಾನ್. ಬ್ಯಾಟರಿ ಹೋಗಿರಲಿಲ್ಲ. ಅವಳು ಬಗ್ಗಿ ನೆಸ್ಮಾಳ ಕಿವಿಯಲ್ಲಿ ಅವಸರವಾಗಿ ಹೇಳಿದಳು, "ನಿನ್ನ ಕೂಸು ಇನ್ನೂ ಒಳಗೇ ಇದೆ, ಚೆನ್ನಾಗಿದೆ. ಹಳೇ ಹೊಲಿಗೆ ಒಳಗೆ ಅಂಟ್ಕೊಂಡಿತ್ತು, ಅದಕ್ಕೇ ತಡ. ನೀನು ಕೇಳಿದ್ದು ಯಂತ್ರದ ಅಳು ತಾಯಿ. ಹನ್ನೊಂದನೇ ನಿಮಿಷಕ್ಕೆ ಎಲ್ರಿಗೂ ಅದೇ ಬರುತ್ತೆ."

ನೆಸ್ಮಾ ಬಾಯಿ ತೆರೆಯುವಷ್ಟರಲ್ಲಿ ಹೊಟ್ಟೆ ಒಮ್ಮೆಲೇ ಹಗುರವಾಯಿತು. ನೀರು ಚೆಲ್ಲಿದ ಸದ್ದು. ತಲೆ ಬಂತು, ಭುಜ ಬಂತು, ಹೆಣ್ಣುಮಗು ಎಂದು ಕರಿಮಾನ್ ಅಪ್ಪಣೆ ಮರೆತು ಹೇಳುತ್ತಾ ಹೋದಳು. ಆಮೇಲೆ ಏನೂ ಕೇಳಿಸಲಿಲ್ಲ. ನೆಸ್ಮಾ ಎಣಿಸತೊಡಗಿದಳು. ಐದು. ಎಂಟು. ಡಾಕ್ಟರು ತೇವದ ಮಾತು ನಿಲ್ಲಿಸಿದ್ದರು. ಹನ್ನೆರಡು. ಎಲ್ಲೋ ಒಂದು ಕೊಳವೆ ಗೊರಗೊರ ಎಳೆಯುತ್ತಿತ್ತು. ದೇವರೇ, ಎಂಥ ಗಂಟಲಾದರೂ ಆಗಲಿ, ಒಂದು ಗಂಟಲು ಕೊಡು ಎಂದು ಬೇಡಿಕೊಂಡಳು. ಹದಿನೇಳು. ಹತ್ತೊಂಬತ್ತಕ್ಕೆ ಎಣ್ಣೆ ಕಾಣದ ಬಾಗಿಲು ಕಿರುಗುಟ್ಟಿದ ಹಾಗೆ ಒಂದು ಸದ್ದು ಬಂತು. ನಿಂತಿತು. ಮತ್ತೆ ಬಂತು, ಒರಟಾಗಿ, ಒಡೆದ ದನಿಯಲ್ಲಿ, ಯಾರನ್ನೋ ಬೈಯುವ ಹಾಗೆ.

"ಇದು," ಎಂದಳು ಕರಿಮಾನ್. "ಇದು ನಿಂದು."

ಈ ಸಲ ನೆಸ್ಮಾಳ ಕಣ್ಣಿನಲ್ಲಿ ನೀರು ಬರಲಿಲ್ಲ. ಇದ್ದದ್ದನ್ನೆಲ್ಲ ಆಗಲೇ ಯಂತ್ರಕ್ಕೆ ಕೊಟ್ಟಾಗಿತ್ತು. ಅದನ್ನು ನೆನೆದಾಗಲೆಲ್ಲ ಇಂದಿಗೂ ಅವಳ ಹಲ್ಲು ಕಟಕಟ ಎನ್ನುತ್ತದೆ.

ಮಧ್ಯಾಹ್ನ ಡಾಕ್ಟರು ವಾರ್ಡಿಗೆ ಬಂದರು. ಕೈಯಲ್ಲಿ ಒಂದು ಹಾಳೆ, ಹೆರಿಗೆಯ ಅನುಭವಕ್ಕೆ ಐದರಲ್ಲಿ ಎಷ್ಟು ನಕ್ಷತ್ರ ಎಂದು ತಾಯಂದಿರು ತುಂಬಿಕೊಡಬೇಕಾದ ಹಾಳೆ. ಆ ಅಳು ಯಾರದ್ದು ಎಂದು ನೆಸ್ಮಾ ಕೇಳಿದಳು. ಅವರು ಒಂದಿಷ್ಟೂ ಮುಜುಗರವಿಲ್ಲದೆ ವಿವರಿಸಿದರು. ಕಿವಿ ಮುಚ್ಚಿದ್ದರಿಂದ ಅಳು ಕೇಳಿಸಲಿಲ್ಲ ಎಂದು ಮೊದಮೊದಲು ಕೆಲವರು ತಕರಾರು ತೆಗೆದಿದ್ದರು. ಅದಕ್ಕೆ ತಮ್ಮ ಭಾವಮೈದ ಚಿತ್ರದೊಳಗೇ ಒಂದು ಅಳು ಸೇರಿಸಿಕೊಟ್ಟ. ನಿಜವಾದ ಮಕ್ಕಳನ್ನು ನಂಬುವ ಹಾಗಿಲ್ಲ, ಕೆಲವು ತಡವಾಗಿ ಅಳುತ್ತವೆ, ಕೆಲವು ಕೆಮ್ಮುತ್ತವೆ, ತಾಯಿಗೆ ಸುಮ್ಮನೆ ಗಾಬರಿ. "ಇದು ಆದರ್ಶ ಅಳು, ಮದಾಮ್. ನೂರ ನಲವತ್ತು ತಾಯಂದಿರು ಕೇಳಿದ್ದಾರೆ. ಒಬ್ಬರೂ ನಾಲ್ಕೂವರೆ ನಕ್ಷತ್ರ ಕೂಡ ಕೊಟ್ಟಿಲ್ಲ, ಎಲ್ಲರದ್ದೂ ಐದು."

ಕಿವಿ ಮುಚ್ಚುವ ಬಟ್ಟಲನ್ನು ತೆಗೆದುಬಿಟ್ಟರೆ ಆಗುತ್ತಿರಲಿಲ್ಲವೇ ಎಂದು ಅವಳು ಕೇಳಿದಳು. ಆ ಯೋಚನೆ ಈ ಮನುಷ್ಯನಿಗೆ ಬಂದೇ ಇರಲಿಲ್ಲ ಎಂಬುದು ಅವರ ಮುಖದಲ್ಲೇ ಕಾಣಿಸಿತು. ನೂರ ನಲವತ್ತು ಜನರ ಕಿವಿಯ ಮೇಲೆ ಹೂವಿಟ್ಟು, ಆ ಹೂವನ್ನೇ ಎಣಿಸಿಕೊಂಡು ಸಂಭ್ರಮಿಸುವ ಮನುಷ್ಯನ ಜೊತೆ ಜಗಳವಾಡುವುದೂ ದಂಡ ಎನಿಸಿತು. ಪೆನ್ನು ಇಸಿದುಕೊಂಡು ಹಾಳೆಯ ಮೇಲೆ, ಶಾಲೆಯ ಹುಡುಗಿಯರ ಪತ್ರಿಕೆಯ ಮೇಲೆ ಬರೆಯುವ ಹಾಗೆ, ನಕಲು ಮಾಡಿದ್ದು, ಸೊನ್ನೆ ಎಂದು ಬರೆದು ಕೆಳಗೆ ಎರಡು ಗೀಟು ಎಳೆದಳು. ಡಾಕ್ಟರು ನಗುನಗುತ್ತಲೇ ಅದನ್ನು ಮಡಚಿ ಜೇಬಿಗೆ ಹಾಕಿಕೊಂಡರು. ವಾಇಲ್ ಅವರ ಹಿಂದೆಯೇ ಕಾರಿಡಾರಿಗೆ ಓಡಿ, ಬಾಣಂತಿಯ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಇನ್ನೊಂದು ಹಾಳೆಯಲ್ಲಿ ಐದು ತುಂಬಿಕೊಟ್ಟು ಬಂದ. ತನ್ನ ಮೊಬೈಲಿನಲ್ಲಿದ್ದ ಚಿತ್ರವನ್ನೂ ಅವರಿಗೆ ಕಳಿಸಿದ್ದ. ಅದು ಅವಳಿಗೆ ಗೊತ್ತಾದದ್ದು ಏಳನೆಯ ದಿನ.

ಏಳನೆಯ ದಿನ ಮನೆಯಲ್ಲಿ ಸುಬೂಅ, ಕೂಸಿನ ಏಳರ ಶಾಸ್ತ್ರ. ಕೂಸಿಗೆ ಜುಮಾನಾ ಎಂದು ಹೆಸರಿಟ್ಟಾಗಿತ್ತು. ಅಡುಗೆಮನೆಯಲ್ಲಿ ಬಾಣಂತಿಗೆಂದು ಬೇರಿನ ಪುಡಿಗೆ ತುಪ್ಪ ಹಾಕಿದ ಮುಘಾತ್ ಪಾನೀಯ ಕುದಿಯುತ್ತಿತ್ತು, ಹಜಾರದ ಮೂಲೆಗಳಿಗೆಲ್ಲ ಹಾಜಾ ಸನೀಯಾ ಉಪ್ಪು ಎರಚಿದ್ದಳು. ತಗ್ಗು ಮೇಜಿನ ಮೇಲೆ ಹೂ ಸುತ್ತಿದ ಮಣ್ಣಿನ ಹೂಜಿ, ಪಕ್ಕದಲ್ಲಿ ಹಿತ್ತಾಳೆಯ ಒರಳು. ನೆಲದ ಮೇಲೆ ಹೊಸ ಜರಡಿ, ಅದರೊಳಗೆ ಕಾಳಿನ ನಡುವೆ ಜರಿ ಬಟ್ಟೆ ಹೊದೆಸಿ ಮಲಗಿಸಿದ್ದ ಜುಮಾನಾ. ಕೂಸಿನ ಕಿವಿಯ ಬಳಿ ಅಜ್ಜಿ ಒರಳು ಕುಟ್ಟಬೇಕು, ತಾಯಿ ದೇವರ ಹೆಸರಿನ ಬಸ್ಮಲಾ ಹೇಳಿ ಜರಡಿಯನ್ನು ಏಳು ಸಲ ದಾಟಬೇಕು. ಹೊಲಿಗೆ ಒಣಗದ ಹೊಟ್ಟೆ ಹಿಡಿದುಕೊಂಡು ನೆಸ್ಮಾ ಕಾಯುತ್ತಿದ್ದಳು.

ಒನಕೆ ಎತ್ತುವ ಮೊದಲು ವಾಇಲ್ ಒಂದು ನಿಮಿಷ, ಒಂದು ನಿಮಿಷ ಎನ್ನುತ್ತಾ ಬಂದು ಮೊಬೈಲನ್ನು ಹೂಜಿಗೆ ಒರಗಿಸಿ ಮೇಜಿನ ಮೇಲೆ ನಿಲ್ಲಿಸಿದ. ಡಾಕ್ಟರು ನಮ್ಮ ವಿಡಿಯೊ ತಮ್ಮ ಪುಟದಲ್ಲಿ ಹಾಕಿದ್ದಾರೆ, ನಲವತ್ತು ಸಾವಿರ ಜನ ನೋಡಿದ್ದಾರೆ ಎಂದ. ಹೆಂಗಸರೆಲ್ಲ ಒತ್ತೊತ್ತಾಗಿ ಬಗ್ಗಿದರು. ಮೊದಲು ಸಮುದ್ರ. ಆಮೇಲೆ ಕನ್ನಡಕ ಕಟ್ಟಿಕೊಂಡ ನೆಸ್ಮಾಳ ಮುಖ, ಕೆನ್ನೆಯ ಮೇಲೆ ಇಳಿಯುವ ನೀರು, ಅದರ ಮೇಲೆ ಸೇರಿಸಿದ ಆ ದುಂಡನೆಯ ಅಳು. ಮಾಷಾ ಅಲ್ಲಾಹ್, ಎಂಥ ಗಂಟಲು ಎಂದರು. ಮೇಲಿನ ಮನೆಯ ರಾವ್ಯಾ ಏಪ್ರಿಲ್‌ನಲ್ಲಿ ಅದೇ ಡಾಕ್ಟರ ಬಳಿ ಹೆತ್ತವಳು. ಅವಳು ತಲೆಬಟ್ಟೆಯ ತುದಿಯಿಂದ ಕಣ್ಣೊರೆಸಿಕೊಂಡು, "ನನ್ನ ಮಗನೂ ಥೇಟ್ ಹೀಗೇ ಅತ್ತಿದ್ದ ಕಣ್ರೇ. ಈಗ್ಲೂ ಕಿವೀಲಿ ಹಾಗೇ ಇದೆ," ಎಂದಳು.

ನೆಸ್ಮಾಳ ನಾಲಿಗೆಯ ತುದಿಗೆ ಬಂದ ಮಾತು ಅಲ್ಲೇ ನಿಂತಿತು. ರಾವ್ಯಾಳ ಮುಖ ನೋಡಿದಳು. ಅವಳ ಬಳಿ ಇರುವುದು ಅದೊಂದೇ, ಅದನ್ನೂ ಕಿತ್ತುಕೊಂಡು ಕೈಗೆ ಏನು ಕೊಡುವುದು. ಹಾಳಾದವನು ಎಂಥ ಕಡೆ ತಂದು ನಿಲ್ಲಿಸಿದ್ದಾನೆ, ಅವನ ಸುಳ್ಳನ್ನು ನಾನೇ ಕಾಪಾಡಬೇಕಾಗಿದೆ ಎಂದು ಹೊಟ್ಟೆ ಉರಿಯಿತು.

ಆಗ ಜರಡಿಯೊಳಗೆ ಜುಮಾನಾ ಎಚ್ಚರಗೊಂಡಳು. ಒಂದು ಸಲ ಕಿರುಗುಟ್ಟಿ, ಉಸಿರು ತೆಗೆದುಕೊಂಡು, ತನ್ನ ಒಡೆದ ದನಿಯಲ್ಲಿ ಬೈಯಲು ಶುರುಮಾಡಿದಳು. ಮೊಬೈಲಿನ ಅಳು ಮಸುಕಾಯಿತು. ಹಾಜಾ ಸನೀಯಾ ಕಣ್ಣನ್ನು ಮೊಬೈಲಿನಿಂದ ತೆಗೆಯದೆ ಕೈಯಾಡಿಸಿದಳು.

"ಶ್. ಆ ಕೂಸನ್ನ ಸುಮ್ಮನಿರಿಸೇ. ಇದ್ರಲ್ಲಿ ಕೂಸು ಅಳೋದು ಕೇಳಿಸ್ತಿಲ್ಲ."

ಯಾರಿಗೂ ಏನೂ ಅನಿಸಲಿಲ್ಲ. ಇಬ್ಬರು ಹೆಂಗಸರು ಹೌದೆಂಬಂತೆ ಜರಡಿಯನ್ನು ತೂಗಲು ಬಗ್ಗಿದರು. ನೆಸ್ಮಾ ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಮೇಜಿನ ಬಳಿ ಕೂತು, ಅತ್ತೆಯ ಕೈಯಿಂದ ಹಿತ್ತಾಳೆಯ ಒನಕೆಯನ್ನು ತೆಗೆದುಕೊಂಡಳು. ಬಾಣಂತಿ ತಾನೇ ಒರಳು ಕುಟ್ಟುವುದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಮೊದಲ ಏಟಿಗೇ ಮೇಜು ಅದುರಿತು.

"ಅಮ್ಮನ ಮಾತು ಕೇಳು," ಎಂದಳು, ಸುಬೂಅದಲ್ಲಿ ಎಲ್ಲರೂ ಹೇಳುವ ಮಾತನ್ನೇ. ಮತ್ತೆ ಕುಟ್ಟಿದಳು. "ಅಪ್ಪನ ಮಾತು ಕೇಳಬೇಡ." ಅದೂ ಪದ್ಧತಿಯ ಮಾತೇ, ಹೆಂಗಸರು ನಕ್ಕರು, ವಾಇಲ್ ಕೂಡ ನಕ್ಕ. "ಅಜ್ಜಿ ಮಾತು ಕೇಳಬೇಡ." ನಗು ಸ್ವಲ್ಪ ಕಡಿಮೆಯಾಯಿತು. "ಡಾಕ್ಟ್ರ ಮಾತು ಸತ್ತರೂ ಕೇಳಬೇಡ."

ಆಮೇಲೆ ಮಾತಿಲ್ಲದೆ ಕುಟ್ಟಿದಳು. ಹೊಲಿಗೆ ಎಳೆಯುತ್ತಿತ್ತು, ಹಣೆಯ ಮೇಲೆ ಬೆವರು ಒಡೆದಿತ್ತು, ಬಿಡಲಿಲ್ಲ. ಹಿತ್ತಾಳೆಯ ಸದ್ದಿನಲ್ಲಿ ಸಮುದ್ರ ಮುಳುಗಿತು, ಆದರ್ಶ ಅಳು ಮುಳುಗಿತು. ಒಂದೊಂದು ಏಟಿಗೂ ಮೊಬೈಲ್ ಒಂದೊಂದು ಅಂಗುಲ ಜಾರಿ, ಹೂಜಿಯ ಬೆನ್ನು ಬಿಟ್ಟು, ಕವುಚಿ ಬಿತ್ತು. ವಿಡಿಯೊದ ಕೊನೆಗೆ ಬಂದ ಡಾಕ್ಟರು ಈಗ ಮೇಜಿನ ಬಟ್ಟೆಯ ಜೊತೆ ಮಾತಾಡುತ್ತಿದ್ದರು. ಎತ್ತಲು ವಾಇಲ್ ಕೈ ಚಾಚಿದ, ಒನಕೆ ಬೀಳುವ ಜಾಗ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡ.

ಮೊಬೈಲ್ ಪೂರ್ತಿ ಸುಮ್ಮನಾದ ಮೇಲೆ ನೆಸ್ಮಾ ಒನಕೆಯನ್ನು ಕೆಳಗಿಟ್ಟಳು. ಹಜಾರದಲ್ಲಿ ಈಗ ಒಂದೇ ದನಿ ಉಳಿದಿತ್ತು, ಒರಟು, ಚೂರುಚೂರಾದ ದನಿ. ಆದರ್ಶದ ಹತ್ತಿರಕ್ಕೂ ಸುಳಿಯದ್ದು. ರಾವ್ಯಾ ಜರಡಿಯ ಕಡೆ ಒಮ್ಮೆ, ಕವುಚಿದ ಮೊಬೈಲಿನ ಕಡೆ ಒಮ್ಮೆ ನೋಡಿದಳು. ತೂಗಲು ಬಂದಿದ್ದ ಕೈಗಳನ್ನು ನೆಸ್ಮಾ ಸರಿಸಿ, ಜರಡಿಯ ಮೇಲೆ ಬಗ್ಗಿದಳು.

"ಅಳು ಮಗಳೇ," ಎಂದಳು. "ನಾನು ಕೇಳಿಸ್ಕೊಳ್ತಾ ಇದ್ದೀನಿ."